ಕಿಡ್ನಿಗೆ ಹಾಕಿದ ಹೆಪ್ಪು

‘ತಕ್ಷಣ’ ಎಂಬ ಪದವನ್ನು ಎಲ್ಲಿ ಕಂಡರೂ ನನಗೆ ಮೈ ಜುಮ್ಮೆನ್ನುತ್ತದೆ. ಬ್ಯಾಂಕಿನ ಮೆಸೇಜಿನಲ್ಲಿ, ಗ್ಯಾಸಿನವರ ಚೀಟಿಯಲ್ಲಿ, ಎಲ್ಲಿದ್ದರೂ ಸರಿ. ಆ ಒಂದು ಪದವನ್ನು ಒಂದು ಹಾಳೆಯಲ್ಲಿ ಸೇರಿಸಿ ನಾನೊಬ್ಬ ದೊಡ್ಡ ಮನುಷ್ಯನ ಮೇಲೆ ಸೇಡು ತೀರಿಸಿಕೊಳ್ಳಲು ಹೊರಟಿದ್ದೆ. ಹಾಳೆ ಇಂಗ್ಲಿಷಿನಲ್ಲಿತ್ತು, ಪದವೂ ಇಂಗ್ಲಿಷಿನದೇ. ಆದರೆ ಟೈಪ್ ಮಾಡುವಾಗ ಹಲ್ಲು ಕಡಿದು ಹೇಳಿಕೊಂಡದ್ದು ಕನ್ನಡದಲ್ಲಿ. ಪಶ್ಚಾತ್ತಾಪದ ಕಥೆ ಇರಬೇಕು ಎಂದುಕೊಂಡು ಓದಬೇಡಿ. ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅದು ಆರುವ ಲಕ್ಷಣವೂ ಇಲ್ಲ.

ನನ್ನ ಮನೆ ಗವಿಪುರಂನಲ್ಲಿ. ಕೆಲಸ, ಅಲ್ಲಿಂದ ನಡೆದೇ ಹೋಗಬಹುದಾದ ಒಂದು ಸಂಶೋಧನಾ ಸಂಸ್ಥೆಯಲ್ಲಿ. ಲ್ಯಾಬ್ ಟೆಕ್ನಿಷಿಯನ್ ಆಗಿ ಸೇರಿ ಇಪ್ಪತ್ತು ವರ್ಷ ಮೀರಿತು. ಈಚಿನ ಕೆಲವು ವರ್ಷ ನಾನು ಮಾಡಿದ್ದು ಕಿಡ್ನಿ ಬೆಳೆಸುವ ಕೆಲಸ. ಹೀಗೆಂದರೆ ನಮ್ಮ ಬೀದಿಯ ಹೆಂಗಸರು ಕಣ್ಣರಳಿಸುತ್ತಿದ್ದರು. “ನಮ್ಮೆಜಮಾನ್ರಿಗೂ ಒಂದು ಎತ್ತಿಟ್ಟಿರ್ರೀ, ಯಾವುದಕ್ಕೂ ಇರ್ಲಿ” ಎಂದು ಎದುರು ಮನೆಯಾಕೆ ತರಕಾರಿ ಗಾಡಿಯ ಮುಂದೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದರು. ಯಜಮಾನರು ಅಲ್ಲೇ ಹುರುಳಿಕಾಯಿ ಆರಿಸುತ್ತಿದ್ದರು.

ಅದು ಅಂಥ ಕಿಡ್ನಿಯಲ್ಲ. ಯಾರನ್ನೂ ಬದುಕಿಸುವಂಥದ್ದಲ್ಲ. ಕಾಯಿಲೆಯ ಮನುಷ್ಯರೊಬ್ಬರು ಕೊಟ್ಟ ರಕ್ತದಿಂದ ಕೋಶಗಳನ್ನು ತೆಗೆದು, ಅವು ಹುಟ್ಟಿದಾಗ ಇದ್ದಂಥ ಸ್ಥಿತಿಗೆ ಹಿಂದಕ್ಕೆ ಕರೆದೊಯ್ಯುತ್ತಾರೆ. ಅವನ್ನು ಕಾಂಡಕೋಶ ಎನ್ನುತ್ತಾರೆ. ಆಮೇಲಿನದು ನನ್ನ ಕೆಲಸ. ಆ ಕೋಶಗಳನ್ನು ಪ್ಲೇಟಿನ ತಳದಲ್ಲಿ ಹಾಳೆಯ ಹಾಗೆ ಹರಡಿ, ಲೆಕ್ಕದ ದಿನಕ್ಕೆ ಲೆಕ್ಕದ ಔಷಧಿ ಕೊಟ್ಟು, ಎರಡು ದಿನಕ್ಕೊಮ್ಮೆ, ಕೋಶಗಳಿಗೆ ಊಟವಾದ ಗುಲಾಬಿ ಬಣ್ಣದ ಹಳೆಯ ನೀರು ತೆಗೆದು ಹೊಸದು ಹಾಕುತ್ತ ಕಾಯಬೇಕು. ಮೂರು ವಾರ ದಾಟಿದರೆ ಸಾಸಿವೆ ಕಾಳಿನಷ್ಟು ದೊಡ್ಡ ಬಿಳಿ ಗಂಟುಗಳು ಕಾಣುತ್ತವೆ. ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಒಳಗೆ ಸಣ್ಣ ಸಣ್ಣ ಕೊಳವೆ, ಸಣ್ಣ ಸಣ್ಣ ಸೋಸುವ ಬಲೆ. ಅದರಲ್ಲಿ ರಕ್ತ ಹರಿಯುವುದಿಲ್ಲ, ಮೂತ್ರ ತಯಾರಾಗುವುದಿಲ್ಲ. ಆದರೂ ಒಂದು ಮಾತ್ರೆ ಮನುಷ್ಯರ ಕಿಡ್ನಿಗೆ ಕೆಡುಕು ಮಾಡುತ್ತದೆಯೇ ಎಂದು ಮನುಷ್ಯರಿಗೆ ತಿನ್ನಿಸುವ ಮೊದಲೇ ಆ ಸಾಸಿವೆ ಕಾಳಿನ ಮೇಲೆ ಹಾಕಿ ನೋಡಬಹುದು.

ಹೇಳುವುದಕ್ಕೆ ಸುಲಭ. ಹತ್ತು ಸಲ ಮಾಡಿದರೆ ಏಳು ಸಲ ಗಂಟೂ ಇಲ್ಲ, ಕೊಳವೆಯೂ ಇಲ್ಲ, ಬರೀ ಅಂಟು. ನಾನು ಮಾಡುವ ಮೊದಲು ಇಬ್ಬರು ಮಾಡಿ ಕೈಬಿಟ್ಟಿದ್ದರು. ನನ್ನ ಕೈಯಲ್ಲಿ ಮಾತ್ರ ಅದು ಬೆಳೆಯಿತು. ಒಂದು ಸಲವಲ್ಲ, ಹೆಚ್ಚು ಕಡಿಮೆ ಪ್ರತಿ ಸಲ. ಯಾಕೆ ಎಂದು ಹೇಳಬೇಕಾದರೆ ಅಜ್ಜಿಯ ವಿಷಯಕ್ಕೆ ಬರಬೇಕು.

ಅಮ್ಮನ ಅಮ್ಮ ಚಾಮರಾಜಪೇಟೆಯ ಒಂದು ವಠಾರದಲ್ಲಿ ಮನೆಯಿಂದಲೇ ಮೊಸರು ಮಾರುತ್ತಿದ್ದಳು. ಅವಳ ಮೊಸರು ಚಾಕುವಿನಿಂದ ಕತ್ತರಿಸಬಹುದು ಎನ್ನುವಷ್ಟು ಗಟ್ಟಿ. ಹೆಪ್ಪಿಗೆಂದು ಅಕ್ಕಪಕ್ಕದ ಬೀದಿಯವರೂ ಬಟ್ಟಲು ಹಿಡಿದು ಬರುತ್ತಿದ್ದರು. ದೀಪ ಹಚ್ಚುವುದಕ್ಕೆ ಮುಂಚೆ ಬಂದವರಿಗೆ ಒಂದು ಚಮಚ. ದೀಪ ಹಚ್ಚಿದ ಮೇಲೆ ಬಂದರೆ ಸ್ವಂತ ತಂಗಿಗೂ ಇಲ್ಲ. ಹಾಲಿನ ಬಿಸಿಯನ್ನು ಮಣಿಕಟ್ಟಿನ ಒಳಗೆ ಒಂದು ತೊಟ್ಟು ಬಿಟ್ಟುಕೊಂಡು ನೋಡುವಳು. ಹೆಪ್ಪು ಹಾಕಿ, ತಟ್ಟೆ ಮುಚ್ಚಿ, ಇಟ್ಟ ಜಾಗದಿಂದ ಪಾತ್ರೆಯನ್ನು ಅಲುಗಾಡಿಸಲು ಯಾರಿಗೂ ಬಿಡುತ್ತಿರಲಿಲ್ಲ. “ಮುಟ್ಟಿದ್ಯೋ, ಕೈ ಮುರಿತೀನಿ. ಅದು ಕೂತ್ಕೋಬೇಕು ಕಣೆ, ಕೂತ್ಕೊಳಕ್ಕೆ ಬಿಡು” ಎಂದು ನನ್ನನ್ನು ಅಡುಗೆ ಮನೆಯಿಂದ ಅಟ್ಟುತ್ತಿದ್ದಳು.

ಅಜ್ಜಿ ಸಾಧ್ವಿಯೇನಲ್ಲ. ವಠಾರದ ಮೂಲೆ ಮನೆಯ ಹೆಂಗಸು ಒಮ್ಮೆ ನಾಮಕರಣವೊಂದರಲ್ಲಿ ನಾಲ್ಕು ಜನರ ಮುಂದೆ, “ಈಯಮ್ಮನ ಮೊಸರಲ್ಲಿ ನೀರೇ ಜಾಸ್ತಿ” ಎಂದುಬಿಟ್ಟಳು. ಅಜ್ಜಿ ತುಟಿಪಿಟಕ್ಕೆನ್ನಲಿಲ್ಲ. ಆರು ತಿಂಗಳಾದ ಮೇಲೆ ಅದೇ ಹೆಂಗಸಿನ ಮಗಳ ಸೀಮಂತ ಬಂತು. ನೂರು ಜನರಿಗೆ ಮೊಸರನ್ನ. ಹಿಂದಿನ ದಿನ ಸಾಯಂಕಾಲ, ದೀಪಕ್ಕೆ ಮುಂಚೆಯೇ, ಹೆಪ್ಪಿಗೆ ಬಂದಳು. ಅಜ್ಜಿ ನಗುನಗುತ್ತಾ, “ಕೂತ್ಕೊಳಮ್ಮ, ತಂದೆ” ಎಂದು ಒಳಗೆ ಹೋಗಿ, ಒಲೆ ಮೇಲೆ ಕುದಿಯುತ್ತಿದ್ದ ನೀರಿನಲ್ಲಿ ಅವಳಿಗೆ ಕೊಡುವ ಹೆಪ್ಪಿನ ಬಟ್ಟಲನ್ನು ಮುಳುಗಿಸಿ ಹಿಡಿದಳು. ಹೆಪ್ಪು ಸತ್ತಿತು. ಆಮೇಲೆ ತಣ್ಣೀರಿನಲ್ಲಿಟ್ಟು ಆರಿಸಿ, ಸೆರಗಿನಲ್ಲಿ ಒರೆಸಿ ತಂದುಕೊಟ್ಟಳು. ನಾನು ಬಾಗಿಲ ಸಂದಿಯಲ್ಲಿ ನಿಂತು ಎಲ್ಲವನ್ನೂ ನೋಡಿದೆ. ಮಾರನೆಯ ದಿನ ಮೂಲೆ ಮನೆಯಲ್ಲಿ ಕೊಳಗಗಟ್ಟಲೆ ಹಾಲು ಹಾಲಾಗಿಯೇ ಇತ್ತು. ನಾವು ಊಟಕ್ಕೆ ಹೋಗಿದ್ದೆವು. ಮೊಸರನ್ನ ಬಡಿಸದೆ ಎಲೆ ಎತ್ತಿದಾಗ ಅಜ್ಜಿಯ ಮುಖದಲ್ಲಿ ಕಂಡ ತೃಪ್ತಿಯನ್ನು ನಾನು ಅವಳ ಮುಖದಲ್ಲಿ ದೇವಸ್ಥಾನದಲ್ಲೂ ಕಂಡಿಲ್ಲ.

ಅಜ್ಜಿ ಹೋಗಿ ಬಹಳ ವರ್ಷವಾಯಿತು. ಅವಳ ಹೆಪ್ಪು ಮಾತ್ರ ಅಮ್ಮನ ಮನೆಯಿಂದ ನನ್ನ ಮನೆಗೆ ಬಂದು, ದಿನವೂ ಒಂದು ಚಮಚ ಉಳಿದು, ಹಾಗೆಯೇ ನಡೆದುಕೊಂಡು ಬಂದಿತ್ತು.

ಲ್ಯಾಬಿನಲ್ಲಿ ಮೊದಲ ದಿನ ಕಾಂಡಕೋಶಗಳನ್ನು ಪ್ಲೇಟಿಗೆ ಬಿಟ್ಟಾಗ ನನ್ನ ಕೈ ತಾನಾಗಿಯೇ ಅಜ್ಜಿಯ ಕೆಲಸ ಮಾಡಿತು. ಪ್ಲೇಟನ್ನು ಮುಚ್ಚಿ ಬೆಂಚಿನ ಮೇಲೆ ಇಟ್ಟೆ. ಕೂತುಕೊಳ್ಳಲಿ ಎಂದು ಬಿಟ್ಟು ಕಾಫಿಗೆ ಹೋದೆ. ಹದಿನೈದು ನಿಮಿಷ ಬಿಟ್ಟು ಬಂದು, ತುಂಬಿದ ಬಟ್ಟಲು ಹಿಡಿದ ಹಾಗೆ ಎರಡು ಕೈಯಲ್ಲೂ ಎತ್ತಿ ಇನ್‌ಕ್ಯುಬೇಟರಿನ ಬಿಸಿಗೆ ಇಟ್ಟೆ. ಅದು ಅಭ್ಯಾಸವಾಯಿತು. ಲ್ಯಾಬಿನ ಮುಖ್ಯಸ್ಥರು, ನಾವೆಲ್ಲ ಸರ್ ಎನ್ನುವವರು, ಅದನ್ನು ನೋಡಿ ಒಂದು ದಿನ ಎಲ್ಲರೆದುರು ಕೂಗಾಡಿದರು. “ಏನ್ರೀ ಇದು, ಲಕ್ಷಾಂತರ ಕೋಶ ಬೆಂಚ್ ಮೇಲೆ ಬಿಟ್ಟು ಕಾಫಿ ಕುಡಿಯಕ್ಕೆ ಹೋಗ್ತೀರಾ? ತಣ್ಣಗಾಗಲ್ವಾ ಅವು?” ಆ ಸಲ ಹೆದರಿ ನೇರವಾಗಿ ಇನ್‌ಕ್ಯುಬೇಟರಿಗೆ ಇಟ್ಟೆ. ಮಾರನೆಯ ದಿನ ನೋಡಿದರೆ ಕೋಶಗಳೆಲ್ಲ ಪ್ಲೇಟಿನ ನಡುವೆ ಗುಡ್ಡೆ ಬಿದ್ದಿದ್ದವು, ಅಂಚಿನಲ್ಲಿ ಬಟಾಬಯಲು. ಆ ಗುಡ್ಡೆಯಿಂದ ಕಿಡ್ನಿ ಬೆಳೆಯಲಿಲ್ಲ.

ಆಗ ನನಗೆ ವಿಷಯ ತಿಳಿಯಿತು. ನೀರಿನಲ್ಲಿ ತೇಲುವ ಕೋಶ ಕೆಳಗಿಳಿದು ತಳಕ್ಕೆ ಕಾಲೂರಬೇಕು. ಅಷ್ಟರೊಳಗೆ ಎತ್ತಿಕೊಂಡು ನಡೆದರೆ, ಒಮ್ಮೆಲೇ ಬಿಸಿ ತಾಗಿಸಿದರೆ, ನೀರು ಸುತ್ತುತ್ತದೆ, ಕೋಶಗಳು ಒಂದೇ ಕಡೆ ಸೇರುತ್ತವೆ. ಗುಂಪು ಜಾಸ್ತಿಯಾದ ಕಡೆ ಔಷಧಿ ಒಂದು ಥರ ಕೆಲಸ ಮಾಡುತ್ತದೆ, ಖಾಲಿ ಇರುವ ಕಡೆ ಇನ್ನೊಂದು ಥರ. ಇದನ್ನು ಹೇಳೋಣವೆಂದು ಸರ್ ರೂಮಿಗೆ ಹೋದೆ. ಫೋನಿನಲ್ಲಿದ್ದರು. ಕೈಸನ್ನೆಯಲ್ಲೇ ಆಮೇಲೆ ಬನ್ನಿ ಎಂದರು. ಆ ‘ಆಮೇಲೆ’ ಬರಲೇ ಇಲ್ಲ. ಅವರಿಲ್ಲದ ಹೊತ್ತು ನೋಡಿಕೊಂಡು ನಾನು ಮತ್ತೆ ನನ್ನ ಕಾಫಿ ಶುರು ಮಾಡಿದೆ.

ಆ ಕಾಫಿಗೆ ಜೊತೆಯಾದವಳು ಒಬ್ಬ ಹುಡುಗಿ. ಬಿನ್ನಿಪೇಟೆಯವಳು. ಅವಳ ತಾತ ಅಲ್ಲಿನ ಗಿರಣಿಯಲ್ಲಿ ಕೆಲಸ ಮಾಡಿದವರು. ಎಂ.ಎಸ್ಸಿ. ಮುಗಿಸಿ ನಮ್ಮಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಸೇರಿದ್ದಳು. ನಾನು ಬೆಳೆಸಿದ ಕಿಡ್ನಿಗೆ ಬಣ್ಣ ಹಾಕಿ ಚಿತ್ರ ತೆಗೆಯುವುದು ಅವಳ ಕೆಲಸ. ಪಿಎಚ್.ಡಿ. ಮಾಡಬೇಕೆಂಬ ಆಸೆ. ಅದಕ್ಕೆ ಸರ್ ಮನಸ್ಸು ಮಾಡಬೇಕಿತ್ತು. ನಾನು ಪ್ಲೇಟ್ ಇಡುವುದನ್ನೇ ಕಾಯುತ್ತಿದ್ದು, “ಅಕ್ಕ, ನಡೀರಿ” ಎಂದು ಎಬ್ಬಿಸಿಕೊಂಡು ಹೋಗುತ್ತಿದ್ದಳು. ನನ್ನ ಡಬ್ಬಿಯ ಮೊಸರನ್ನ ತಿಂದು ಹೆಪ್ಪು ಕೇಳಿದಳು, ಒಂದು ಸಣ್ಣ ಡಬ್ಬಿಯಲ್ಲಿ ತಂದುಕೊಟ್ಟೆ. ಕೊಡುವಾಗ ಅಜ್ಜಿಯ ಸೀಮಂತದ ಕಥೆಯನ್ನೂ ಹೇಳಿದೆ. ಕಾಫಿ ನೆತ್ತಿಗೇರುವ ಹಾಗೆ ನಕ್ಕಳು. “ಅಕ್ಕ, ನಿಮ್ಮಜ್ಜಿ ಡೇಂಜರ್” ಎಂದಳು. ವಾರವಾದ ಮೇಲೆ, ಅವರ ಮನೆಯಲ್ಲಿ ಈಗ ನನ್ನ ಹೆಪ್ಪೇ ನಡೆಯುತ್ತಿದೆ, ಅಮ್ಮನಿಗೆ ಬಹಳ ಹಿಡಿಸಿದೆ ಎಂದು ಬಂದು ಹೇಳಿದಳು.

ಇನ್ನು ಅವಮಾನದ ವಿಷಯ. ಹೊರಗಿನಿಂದ ದೊಡ್ಡ ವಿಜ್ಞಾನಿಗಳು ಬಂದಿದ್ದ ಒಂದು ಸಭೆಯಲ್ಲಿ ಸರ್ ನಮ್ಮ ಕಿಡ್ನಿಗಳ ಚಿತ್ರ ತೋರಿಸಿ ಚಪ್ಪಾಳೆ ಗಿಟ್ಟಿಸಿದರು. ಕೊನೆಯಲ್ಲಿ ಹಿಂದಿನ ಸಾಲಿನಲ್ಲಿದ್ದ ನನ್ನ ಕಡೆ ಕೈ ತೋರಿಸಿ, “ಎಲ್ಲಾ ಇವ್ರ ಕೈಗುಣ” ಎಂದು ಕನ್ನಡದಲ್ಲೇ ಅಂದು, ಬಂದವರಿಗೆ ಅದರ ಅರ್ಥ ಬಿಡಿಸಿ ಹೇಳಿದರು. ಎಲ್ಲರೂ ತಿರುಗಿ ನನ್ನನ್ನು ನೋಡಿ ನಕ್ಕರು. ನಾನು ಮನೆಗೆ ಬಂದು ಅಜ್ಜಿಯ ಫೋಟೋಗೆ ಹೂವಿಟ್ಟೆ. ಅಷ್ಟು ದಡ್ಡಿ ನಾನು.

ಕೆಲವು ತಿಂಗಳಿಗೆ ಪೇಪರು ಪ್ರಕಟವಾಯಿತು. ಏಳು ಜನರ ಹೆಸರು. ಕಿಡ್ನಿಯನ್ನು ಕಣ್ಣಲ್ಲೂ ನೋಡದ ಒಬ್ಬರ ಹೆಸರೂ ಇತ್ತು. ನನ್ನದು ಇಲ್ಲ. ಕೊನೆಯಲ್ಲಿ ಸಣ್ಣಕ್ಷರದಲ್ಲಿ, ತಾಂತ್ರಿಕ ಸಿಬ್ಬಂದಿಗೆ ವಂದನೆಗಳು. ನಾನು ಸಿಬ್ಬಂದಿ. ಮೂರು ದಿನ ಸುಮ್ಮನಿದ್ದು, ನಾಲ್ಕನೆಯ ದಿನ ಹೋಗಿ ಕೇಳಿದೆ. ಅವರಿಗೆ ಬೇಜಾರೂ ಆಗಲಿಲ್ಲ, ಮುಜುಗರವೂ ಆಗಲಿಲ್ಲ. ನಿಜವಾಗಿಯೂ ಆಶ್ಚರ್ಯಪಟ್ಟರು.

“ಮೇಡಂ, ನಿಮ್ಮದು ಕೈಗುಣ. ನಾನೇ ಎಲ್ಲರ ಮುಂದೆ ಹೇಳಿದೀನಿ. ಆದ್ರೆ ಕೈಗುಣಕ್ಕೆಲ್ಲ ಪೇಪರಲ್ಲಿ ಹೆಸರು ಹಾಕಕ್ಕಾಗುತ್ತಾ? ಅದು ಸೈನ್ಸ್ ಅಲ್ವಲ್ಲ.”

ಮೈಯೆಲ್ಲ ಉರಿದುಹೋಯಿತು. ಹೊಗಳಿದ ಪದದಿಂದಲೇ ಹೊರಗೆ ಹಾಕಿದ್ದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಈ ಹೊಗಳಿಕೆಗೆ ಏನು ಹೇಳುವುದು? ಅಲ್ಲಿಗೇ ಮುಗಿಯಲಿಲ್ಲ. ಇದು ಒಬ್ಬರ ಕೈಗೇ ಅಂಟಿಕೊಂಡಿರುವುದು ಒಳ್ಳೆಯದಲ್ಲ, ಯಾರು ಬೇಕಾದರೂ ಮಾಡುವ ಹಾಗೆ ಇಡೀ ವಿಧಾನವನ್ನು ಬರೆದುಕೊಡಿ ಎಂದರು. ಬರೆದುಕೊಟ್ಟ ಮೇಲೆ ಆ ಬಿನ್ನಿಪೇಟೆ ಹುಡುಗಿ ಅದನ್ನು ಮಾಡುತ್ತಾಳೆ, ನನಗೆ ವಯಸ್ಸಾಯಿತು, ಹಗುರದ ಕೆಲಸ ಕೊಡುತ್ತಾರೆ. ಹಗುರದ ಕೆಲಸ ಎಂದರೆ ಗಾಜು ತೊಳೆಯುವ ವಾಶಿಂಗ್ ಸೆಕ್ಷನ್. ನನಗೆ ಆಗ ನಲವತ್ತೇಳು.

ಎರಡು ವಾರ ಕೂತು ಬರೆದೆ. ಎಷ್ಟು ಚೆನ್ನಾಗಿ ಬರೆದೆ ಎಂದರೆ ಈಗ ಓದಿದರೂ ಹೆಮ್ಮೆಯಾಗುತ್ತದೆ. ಯಾವ ಬಾಟಲಿ, ಎಷ್ಟು ಹನಿ, ಯಾವ ದಿನ, ಎಷ್ಟು ಗಂಟೆ, ಕೋಶ ಯಾವ ಬಣ್ಣಕ್ಕೆ ತಿರುಗಿದರೆ ಹೆದರಬೇಕು, ಯಾವುದಕ್ಕೆ ಹೆದರಬೇಕಿಲ್ಲ, ಎಲ್ಲವೂ. ಕೋಶ ಬಿಡುವ ಹಂತಕ್ಕೆ ಬಂದಾಗ ಕೈ ನಿಂತಿತು. ‘ಪ್ಲೇಟನ್ನು ಇನ್‌ಕ್ಯುಬೇಟರಿನಲ್ಲಿ ಇಡಿ’ ಎಂದು ಬರೆದಿದ್ದೆ. ಹದಿನೈದು ನಿಮಿಷದ ವಿಷಯ ಬರೆಯದೆ ಬಿಟ್ಟಿದ್ದರೆ ಮರೆವು ಎನ್ನಬಹುದಿತ್ತು. ಯಾರಾದರೂ ಸೋಮಾರಿ ಅಲ್ಲೇ ಇಟ್ಟು ಕಾಫಿಗೆ ಹೋದರೆ ಕಿಡ್ನಿ ಬೆಳೆದುಬಿಡುತ್ತಿತ್ತು. ಅದಕ್ಕೂ ಅವಕಾಶ ಕೊಡಬಾರದೆನಿಸಿತು. ವಾಕ್ಯದ ಮೊದಲಿಗೆ ಹೋಗಿ ‘ತಕ್ಷಣ’ ಎಂದು ಸೇರಿಸಿದೆ. ಅಜ್ಜಿ ಬಟ್ಟಲನ್ನು ಬಿಸಿನೀರಿನಲ್ಲಿ ಹಿಡಿದಷ್ಟೇ ನಿರಾಳವಾಗಿ ಸೇರಿಸಿದೆ.

ಸರ್ ಓದಿದರು. ಆ ಸಾಲಿನ ಹತ್ತಿರ ಬಂದಾಗ ಮುಖ ಅರಳಿತು. “ಕೊನೆಗೂ ಕಾಫಿ ಬಿಟ್ರಿ ನೋಡಿ. ವೆರಿ ಗುಡ್” ಎಂದರು. ನಾನೂ ನಕ್ಕೆ.

ವಾಶಿಂಗ್ ಸೆಕ್ಷನ್ನಿಗೆ ಕಳಿಸಿದ್ದು ಅವರು ನನಗೆ ಮಾಡಿದ ಉಪಕಾರ. ಕೆಟ್ಟ ಪ್ಲೇಟುಗಳೆಲ್ಲ ಎಸೆಯುವ ಮೊದಲು ಅಲ್ಲಿಗೇ ಬರಬೇಕು. ದೊಡ್ಡ ಕುಕ್ಕರಿನಂಥ ಯಂತ್ರದಲ್ಲಿ ಹಬೆ ಹಾಯಿಸಿ ಕೋಶಗಳನ್ನು ಕೊಂದ ಮೇಲೆಯೇ ಕಸಕ್ಕೆ. ಹಾಗಾಗಿ ನನ್ನ ಸೇಡಿನ ಬೆಳೆ ವಾರ ವಾರ ಟ್ರೇಗಟ್ಟಲೆ ನನ್ನ ಮುಂದೆಯೇ ಬಂದು ಕೂರುತ್ತಿತ್ತು. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ನಡುವೆ ಗುಡ್ಡೆ, ಅಂಚು ಬಯಲು. ಅಂಚು ಬಯಲು, ನಡುವೆ ಗುಡ್ಡೆ. ಎಂಥ ಸಂತೋಷ! ಆ ಕೋಶಗಳು ಯಾರೋ ಕಾಯಿಲೆಯವರು ಸೂಜಿ ಚುಚ್ಚಿಸಿಕೊಂಡು ಕೊಟ್ಟ ರಕ್ತದಿಂದ ಬಂದವು ಎಂಬುದು ಗೊತ್ತಿತ್ತು. ಅದನ್ನು ನೆನೆಯದ ಹಾಗೆ ನೋಡಿಕೊಂಡೆ. ಕಣ್ಣಿಗೆ ಕಾಣುತ್ತಿದ್ದದ್ದು ಸರ್ ಮುಖ ಮಾತ್ರ.

ಒಂದು ಮಧ್ಯಾಹ್ನ ಟ್ರೇಯನ್ನು ಹುಡುಗಿಯೇ ಹೊತ್ತು ತಂದಳು. ಕಣ್ಣ ಕೆಳಗೆ ಕಪ್ಪಾಗಿತ್ತು. ಟ್ರೇ ಇಟ್ಟು ಅಲ್ಲೇ ನಿಂತಳು.

“ಅಕ್ಕ, ನಾಲ್ಕನೇ ಸಲ ಇದು. ಎಲ್ಲಿ ತಪ್ಪ್ತಿದೀನಿ ಅಂತಾನೇ ಗೊತ್ತಾಗ್ತಿಲ್ಲ. ಒಂದ್ಸಲ ಬಂದು ನೋಡ್ತೀರಾ?”

“ಎಲ್ಲಾ ಬರ್ದಿದೀನಲ್ಲಮ್ಮ. ಅದರ ಪ್ರಕಾರ ಮಾಡು.”

“ಅದರ ಪ್ರಕಾರನೇ ಮಾಡ್ತಿದೀನಿ ಅಕ್ಕ. ಒಂದಕ್ಷರ ಬಿಟ್ಟಿಲ್ಲ.”

“ಹಾಗಾದ್ರೆ ಬರುತ್ತೆ ಬಿಡು” ಎಂದು ಕೊಳಾಯಿ ತಿರುಗಿಸಿದೆ. ನೀರಿನ ಸದ್ದಿನಲ್ಲಿ ಅವಳು ಇನ್ನೇನೋ ಅಂದಳು. ಕೇಳಿಸಲಿಲ್ಲ ಎಂಬಂತೆ ಇದ್ದೆ.

ಒಂದಕ್ಷರ ಬಿಡದೆ ಮಾಡುವವಳು ಅವಳು. ಅದು ನನಗೆ ಬರೆಯುವಾಗಲೇ ಗೊತ್ತಿತ್ತು. ಅವಳ ಕೆಲಸದ ಅವಧಿ ಆ ವರ್ಷದ ಕೊನೆಗೆ ಮುಗಿಯುತ್ತದೆ, ಕಿಡ್ನಿ ಬೆಳೆದರೆ ಮುಂದಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಇಲ್ಲ ಎಂಬುದೂ ಗೊತ್ತಿತ್ತು. ಆದರೆ ನನ್ನ ಲೆಕ್ಕವೇ ಬೇರೆ. ಸರ್ ತಾವಾಗಿ ನನ್ನ ಹತ್ತಿರ ಬರುತ್ತಾರೆ, ಹೆಸರು ಹಾಕುತ್ತೇನೆಂದು ಬಾಯಿಬಿಟ್ಟು ಹೇಳುತ್ತಾರೆ, ಆಗ ನಾನು ಹದಿನೈದು ನಿಮಿಷವನ್ನು ಬಿಟ್ಟುಕೊಡುತ್ತೇನೆ, ಹುಡುಗಿಯೂ ಉಳಿಯುತ್ತಾಳೆ. ಅಲ್ಲಿಯವರೆಗೆ ಅವಳು ಸ್ವಲ್ಪ ಅಳಲಿ. ಹೀಗೆ ಅಂದುಕೊಂಡಿದ್ದೆ ಎಂದು ಬರೆಯಲು ನಾಚಿಕೆಯಾಗುತ್ತದೆ.

ಸರ್ ಬಂದರು. ಪ್ಯಾಂಟಿಗೆ ಸೋಪು ನೀರು ತಾಗದ ಹಾಗೆ ಬಾಗಿಲಲ್ಲೇ ನಿಂತು, “ಮೇಡಂ, ಮುಂದಿನ ತಿಂಗಳು ಹೊರಗಡೆಯವ್ರು ಬರ್ತಿದಾರೆ. ಒಂದೇ ಒಂದು ಬ್ಯಾಚ್ ಮಾಡ್ಕೊಟ್ಬಿಡಿ” ಎಂದರು. ಹೆಸರಿನ ಮಾತು ಬರಲಿ ಎಂದು ಕಾದೆ. ಬರಲಿಲ್ಲ. ವರ್ಷದಿಂದ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದ ಮಾತನ್ನು ಆಗ ಆಡಿದೆ.

“ಕೈಗುಣ ಅಲ್ವಾ ಸರ್, ಯಾವಾಗ್ಲೂ ಒಂದೇ ಥರ ಇರಲ್ಲ. ಸೋಪು ನೀರಲ್ಲಿ ನೆಂದು ನೆಂದು ಹೋಗ್ಬಿಟ್ಟಿದೆ.”

ಸುಕ್ಕಾದ ಎರಡು ಅಂಗೈಯನ್ನೂ ಚಾಚಿ ತೋರಿಸಿದೆ. ಅವರು ಕೆಂಪಗಾದರು. ಆ ಕೆಂಪನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಆ ರಾತ್ರಿ ಊಟಕ್ಕೆ ಪಾಯಸ ಮಾಡಿದೆ. ಯಾಕೆಂದು ಮನೆಯವರು ಕೇಳಿದರು, ಹಾಗೇ ಸುಮ್ಮನೆ ಎಂದೆ.

ಬಂದವರು ಬಂದರು, ಖಾಲಿ ಪ್ಲೇಟು ನೋಡಿ ಹೋದರು. ನನ್ನ ಲೆಕ್ಕದ ಪ್ರಕಾರ ಆಮೇಲೆ ಸರ್ ನನ್ನ ಕಾಲಿಗೆ ಬೀಳಬೇಕಿತ್ತು. ಆ ವಾರದ ಕೊನೆಯಲ್ಲಿ ಆದದ್ದೇ ಬೇರೆ. ಹುಡುಗಿ ಒಂದು ರಟ್ಟಿನ ಡಬ್ಬದಲ್ಲಿ ತನ್ನ ಲೋಟ, ಸ್ವೆಟರು, ಎರಡು ನೋಟ್‌ಬುಕ್ಕು ಹಿಡಿದುಕೊಂಡು ಬಂದಳು. ಅವಧಿ ಮುಂದುವರಿಸಲಿಲ್ಲವಂತೆ.

“ಸರ್ ಏನೂ ಬೈಲಿಲ್ಲ ಅಕ್ಕ. ಕೂರ್ಸಿ ಚೆನ್ನಾಗೇ ಮಾತಾಡಿದ್ರು. ‘ಮೇಡಂ ಬರೆದ ಪ್ರೋಟೊಕಾಲ್ ಸರಿಯಾಗಿದೆ, ನೀನೂ ಕಷ್ಟಪಟ್ಟೆ, ಆದ್ರೆ ನಿನಗೆ ಕೈಗುಣ ಇಲ್ಲಮ್ಮ, ಬೇರೆ ಏನಾದ್ರೂ ನೋಡ್ಕೋ’ ಅಂದ್ರು.”

ನನ್ನನ್ನು ಹೊರಗೆ ಹಾಕಿದ್ದು ಕೈಗುಣ ಇದೆಯೆಂದು. ಅವಳನ್ನು ಹೊರಗೆ ಹಾಕಿದ್ದು ಕೈಗುಣ ಇಲ್ಲವೆಂದು. ಆ ಕ್ಷಣ ಹೇಳಿಬಿಡಬಹುದಿತ್ತು. ಸರ್ ಇನ್ನೂ ಮೇಲೆ ರೂಮಿನಲ್ಲಿದ್ದರು. ಕೈಹಿಡಿದು ಕರೆದುಕೊಂಡು ಹೋಗಿ, ತಪ್ಪು ಇವಳದ್ದಲ್ಲ ಎಂದಿದ್ದರೆ ಐದು ನಿಮಿಷದ ಕೆಲಸ. ಹೇಳಿದ್ದರೆ ನನ್ನ ಕೆಲಸ ಹೋಗುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಅವರ ಕೆಂಪು ಮುಖ ಮತ್ತೆ ಬೆಳ್ಳಗಾಗುತ್ತಿತ್ತು. ಅವರು ಗೆಲ್ಲುತ್ತಿದ್ದರು. ಅದನ್ನು ಸಹಿಸಲು ನನ್ನಿಂದ ಆಗಲಿಲ್ಲ. “ಹೋಗಲಿ ಬಿಡು, ಇದಕ್ಕಿಂತ ಒಳ್ಳೇದು ಸಿಗುತ್ತೆ” ಎಂದೆ. ಅವಳು ಬಗ್ಗಿ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದಳು.

ಸರ್‌ಗೆ ಏನಾಯಿತು ಎಂದು ಕೇಳುತ್ತೀರಾ? ಏನೂ ಆಗಲಿಲ್ಲ. ಒಂದೇ ವಿಧಾನ ಅನುಸರಿಸಿದರೂ ಕಿಡ್ನಿ ಒಮ್ಮೆ ಬೆಳೆದು ಇನ್ನೊಮ್ಮೆ ಬೆಳೆಯದಿರುವುದು ಈ ಕ್ಷೇತ್ರದ ದೊಡ್ಡ ಸಮಸ್ಯೆ ಎಂದು ಇನ್ನೊಂದು ಪೇಪರು ಬರೆದರು. ಹುಡುಗಿಯ ಗುಡ್ಡೆ ಬಿದ್ದ ಪ್ಲೇಟುಗಳ ಚಿತ್ರವೆಲ್ಲ ಅದರಲ್ಲಿತ್ತು. ಅದಕ್ಕೂ ಎಲ್ಲೋ ಹೋಗಿ ಚಪ್ಪಾಳೆ ಗಿಟ್ಟಿಸಿದರು. ನನ್ನ ಸೇಡನ್ನೂ ಪೇಪರು ಮಾಡಿಕೊಂಡರು ಪುಣ್ಯಾತ್ಮ. ಅದರಲ್ಲೂ ನನ್ನ ಹೆಸರಿಲ್ಲ.

ಈ ವರ್ಷದ ಬೇಸಿಗೆಯಲ್ಲಿ ಮನೆಯವರೆಲ್ಲ ನಾಲ್ಕು ದಿನ ಮೈಸೂರಿಗೆ ಹೋಗಿದ್ದೆವು. ಬಂದು ನೋಡಿದರೆ ಫ್ರಿಜ್ ಕೆಟ್ಟು ನಿಂತಿತ್ತು. ಬಾಗಿಲು ತೆಗೆದರೆ ಗಪ್ಪೆಂದು ನಾತ. ಹೆಪ್ಪಿನ ಬಟ್ಟಲಿನ ಮೇಲೆ ಹಸಿರು, ಕೆಂಪು ಬೂಷ್ಟು. ಅಷ್ಟೊಂದು ವರ್ಷ ನಡೆದು ಬಂದದ್ದು ನನ್ನ ಅಡುಗೆ ಮನೆಯಲ್ಲಿ ನಿಂತುಹೋಯಿತು. ಬಟ್ಟಲು ತೊಳೆಯುತ್ತಾ ಅತ್ತೆ. ಅಮ್ಮನೂ ಈಗಿಲ್ಲ. ಆ ಹೆಪ್ಪು ಇನ್ನೆಲ್ಲಾದರೂ ಉಳಿದಿದ್ದರೆ ಒಂದೇ ಮನೆಯಲ್ಲಿ ಉಳಿದಿರಬೇಕು.

ಹೋಗಲೋ ಬೇಡವೋ ಎಂದು ಒಂದು ವಾರ ಒದ್ದಾಡಿದೆ. ಕೊನೆಗೆ ಭಾನುವಾರ ನಾಲ್ಕು ಗಂಟೆಗೆ, ದೀಪಕ್ಕೆ ಮುಂಚೆ ಎಂದು ಲೆಕ್ಕ ಹಾಕಿ, ಬಿನ್ನಿಪೇಟೆಗೆ ಆಟೋ ಹಿಡಿದೆ. ತಪ್ಪು ಒಪ್ಪಿಕೊಳ್ಳುವುದಕ್ಕೆ ಹೋಗುತ್ತಿದ್ದೇನೆ, ಹೆಪ್ಪು ಒಂದು ನೆಪ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಯಾವುದು ನೆಪ, ಯಾವುದು ನಿಜ ಎಂದು ಈಗಲೂ ಖಚಿತವಾಗಿ ಹೇಳಲಾರೆ.

ಅವಳೊಬ್ಬಳೇ ಇದ್ದಳು. ಕಾಟನ್‌ಪೇಟೆಯ ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ಬಿಲ್ಲು ಹಾಕುವ ಕೆಲಸ ಮಾಡುತ್ತಿದ್ದಾಳಂತೆ. ನನ್ನನ್ನು ನೋಡಿ ನಿಜವಾಗಿಯೂ ಖುಷಿಪಟ್ಟಳು. “ಬನ್ನಿ ಅಕ್ಕ, ಬನ್ನಿ” ಎಂದು ಕೂರಿಸಿ ಕಾಫಿ ಕೊಟ್ಟಳು. ಲ್ಯಾಬ್ ಕೆಲಸಕ್ಕೆ ಮತ್ತೆ ಪ್ರಯತ್ನ ಮಾಡಲಿಲ್ಲವಾ ಎಂದು ಕೇಳಿದೆ.

“ಇಲ್ಲ ಅಕ್ಕ. ನನ್ನ ಕೈಯೇ ಸರಿ ಇಲ್ಲ. ಅಂಥ ಕೈ ಇಟ್ಕೊಂಡು ಯಾಕೆ ಇನ್ನೊಬ್ಬರ ಕೋಶ ಹಾಳು ಮಾಡ್ಬೇಕು?”

ಎರಡು ಕೈಯನ್ನೂ ಮಡಿಲಲ್ಲಿ ಮಗುಚಿ ಇಟ್ಟುಕೊಂಡಿದ್ದಳು. ಲೋಟ ಕೆಳಗಿಟ್ಟು ಹೇಳಿದೆ. ‘ತಕ್ಷಣ’ ಎಂಬ ಪದವನ್ನು ಹೇಳಿದೆ, ಅದನ್ನು ಬೇಕೆಂದೇ ಸೇರಿಸಿದ್ದನ್ನು ಹೇಳಿದೆ, ಕಿಟಕಿಯ ಬೆಳಕಿಗೆ ಪ್ಲೇಟು ಹಿಡಿದು ಸಂತೋಷಪಟ್ಟದ್ದನ್ನೂ ಹೇಳಿದೆ. ಅವಳು ಕೇಳಿದಳು.

“ಎಷ್ಟು ನಿಮಿಷ?”

“ಹದಿನೈದು.”

“ನಾವಿಬ್ರೂ ಕಾಫಿಗೆ ಹೋಗ್ತಿದ್ವಲ್ಲ, ಅದಾ?”

“ಅದೇ.”

“ನಾನು ನಿಮ್ಮನ್ನ ಕೇಳಿದ್ದೆ ಅಕ್ಕ. ಟ್ರೇ ತಗೊಂಡು ಬಂದು ಕೇಳಿದ್ದೆ.”

“ಹೌದು.”

“ಡಬ್ಬ ಹಿಡ್ಕೊಂಡು ಬಂದಾಗ್ಲೂ ಗೊತ್ತಿತ್ತಲ್ವಾ ನಿಮಗೆ?”

ತಲೆಯಾಡಿಸಿದೆ. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ನಾನು ಏನೇನೋ ಬಡಬಡಿಸಿದೆ. ಬಾ, ನಾನೇ ಬಂದು ಸರ್‌ಗೆ ಹೇಳುತ್ತೇನೆ, ಬೇರೆ ಲ್ಯಾಬಿನವರು ಗೊತ್ತಿದ್ದಾರೆ, ನಿನ್ನ ಕೈಗೇನೂ ಆಗಿಲ್ಲ ಎಂದೆ. “ಆಯ್ತು ಅಕ್ಕ, ನೋಡೋಣ” ಎಂದಳು. ಆಮೇಲೆ, ಅದನ್ನು ಬರೆಯಲೇಬೇಕು, ಕಿಟಕಿಯಾಚೆ ಬಿಸಿಲು ಇಳಿಯುವುದನ್ನು ನೋಡಿ, ನಾಚಿಕೆ ಬಿಟ್ಟು ಬಾಯಿ ತೆರೆದೆ.

“ಒಂದು ಚಮಚ ಹೆಪ್ಪು ಕೊಡ್ತೀಯಾ? ನಮ್ಮನೇದು ಹಾಳಾಗೋಯ್ತು. ಅಜ್ಜಿದು ಇನ್ನು ನಿಮ್ಮನೇಲಿ ಮಾತ್ರ ಇರೋದು.”

ನನ್ನನ್ನೇ ಒಂದು ಗಳಿಗೆ ನೋಡಿದಳು. ಮುಖದಲ್ಲಿ ನಗು ಬಂತು.

“ಅಯ್ಯೋ, ಅದಕ್ಕೇನು? ಕೂತ್ಕೊಳಿ ಅಕ್ಕ, ತಂದೆ.”

ಒಳಗೆ ಹೋದಳು. ಸ್ಟೌವಿನ ಲೈಟರ್ ಟಿಕ್ ಟಿಕ್ ಎಂದಿತು. ನನಗೆ ಇನ್ನೊಂದು ಲೋಟ ಕಾಫಿ ಇಡುತ್ತಿದ್ದಾಳೆ, ಎಂಥ ದೊಡ್ಡ ಮನಸ್ಸು ಎಂದುಕೊಂಡೆ. ಕೊಳಾಯಿಯ ನೀರು ಬಿಟ್ಟ ಸದ್ದೂ ಕೇಳಿತು. ಸ್ವಲ್ಪ ಹೊತ್ತಿಗೆ ಸಣ್ಣ ಸ್ಟೀಲ್ ಡಬ್ಬಿಯೊಂದನ್ನು ದುಪಟ್ಟಾದಲ್ಲಿ ಒರೆಸುತ್ತಾ ಬಂದಳು. ನಾನು ಹಿಂದೆ ಕೊಟ್ಟಿದ್ದ ಅದೇ ಡಬ್ಬಿ. “ಡಬ್ಬಿನೂ ನಿಮ್ಮದೇ ಅಕ್ಕ, ವಾಪಸ್ ಕೊಡಬೇಕು ಅಂತಿದ್ದೆ” ಎಂದಳು. ಆಟೋದಲ್ಲಿ ಡಬ್ಬಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡೇ ಬಂದೆ. ಸ್ವಲ್ಪ ಬೆಚ್ಚಗಿತ್ತು. ಬೇಸಿಗೆ, ಸೆಕೆ ಎಂದುಕೊಂಡೆ. ಕ್ಷಮಿಸಿದಳು ಎಂಬ ಸಮಾಧಾನದಲ್ಲಿ ಗವಿಪುರಂ ಬಂದದ್ದೇ ತಿಳಿಯಲಿಲ್ಲ.

ಅವತ್ತು ಹಾಲನ್ನು ಚೆನ್ನಾಗಿ ಕಾಯಿಸಿ ಆರಿಸಿದೆ. ಮಣಿಕಟ್ಟಿನ ಮೇಲೆ ಒಂದು ತೊಟ್ಟು ಬಿಟ್ಟುಕೊಂಡು ಬಿಸಿ ನೋಡಿದೆ. ಹೆಪ್ಪು ಹಾಕಿ, ತಟ್ಟೆ ಮುಚ್ಚಿ, ಮೂಲೆಯಲ್ಲಿಟ್ಟೆ. ಯಾರೂ ಮುಟ್ಟಬೇಡಿ ಎಂದು ಮನೆಯವರಿಗೆಲ್ಲ ಹೇಳಿದೆ. ಯಾರೂ ಮುಟ್ಟಲಿಲ್ಲ.

ಬೆಳಿಗ್ಗೆ ತಟ್ಟೆ ತೆಗೆದು ಪಾತ್ರೆಯನ್ನು ಓರೆ ಮಾಡಿದೆ. ಹಾಲು ಹಾಲಾಗಿಯೇ ಇತ್ತು.

ಅಡುಗೆ ಮನೆಯ ನೆಲದ ಮೇಲೆ ಕೂತುಬಿಟ್ಟೆ. ಲೈಟರಿನ ಸದ್ದು ಆಗ ಕಿವಿಗೆ ಬಂತು, ಬಾರದೇ ಹೋದ ಎರಡನೇ ಲೋಟ ಕಾಫಿ ಆಗ ನೆನಪಾಯಿತು. ‘ಕೂತ್ಕೊಳಿ ಅಕ್ಕ, ತಂದೆ’ ಎಂದದ್ದು ಯಾರ ಮಾತು ಎಂಬುದೂ ಹೊಳೆಯಿತು. ಕಥೆಯನ್ನು ಅವಳಿಗೆ ಹೇಳಿಕೊಟ್ಟವಳು ನಾನೇ. ಒಂದಕ್ಷರ ಬಿಡದೆ ಮಾಡಿದ್ದಳು. ಕೈಗುಣ ಇಲ್ಲವಂತೆ ಅವಳಿಗೆ!

ಅಜ್ಜಿಯ ಹೆಪ್ಪು ಈಗ ಬಿನ್ನಿಪೇಟೆಯ ಆ ಮನೆಯಲ್ಲಿ ಮಾತ್ರ ಇದೆ, ದಿನವೂ ಗಟ್ಟಿಯಾಗಿ ಕೂರುತ್ತಿರಬೇಕು. ನಾನು ಅಂಗಡಿಯಿಂದ ಪ್ಯಾಕೆಟ್ ಮೊಸರು ತರುತ್ತೇನೆ.